ಉಳಿದ ತುಂಡು

ಗಾಳಿಗೆ ಅಳತೆ ತೆಗೆಯುವುದನ್ನು
ನನಗೆ ಯಾರೂ ಕಲಿಸಿರಲಿಲ್ಲ.
ಕುಶಾಲನಗರದ ಬಸ್‌ಸ್ಟ್ಯಾಂಡ್ ಹಿಂದಿನ ನನ್ನ ಅಂಗಡಿಗೆ
ಬಿಳಿ ಬಟ್ಟೆಯ ಥಾನು ಹೊತ್ತು ಬಂದ ಪಳಂಗಪ್ಪನವರು
(ಕೇರಿಯೆಲ್ಲ ಪಟ್ಟಾಳಕ್ಕೆ ಹೋದಾಗ ತಾನೊಬ್ಬರೇ ನೇವಿಗೆ ಹೋದವರು)
"ಹೊಟ್ಟೆ ಸಡಿಲ ಬಿಡು, ಅಂಚು ಬಿಗಿ ಇರಲಿ" ಅಂದರು, ಅಷ್ಟೆ.
ತೋಳು ಎಷ್ಟು ಉದ್ದ ಎಂದು ಬಾಯಿತಪ್ಪಿ ಕೇಳಿದೆ.

ಒಂಬತ್ತು ಸೂಜಿ ಮುರಿದವು.
ಮದುವೆಯ ರವಿಕೆಗಳು ಗೂಟದಲ್ಲಿ ಮುನಿಸಿಕೊಂಡು ನೇತಾಡಿದವು.
ಹಾಯಿಗೆ ಎಷ್ಟು ಕೂಲಿ?
ಗೋಡೆಯ ರೇಟುಪಟ್ಟಿಯಲ್ಲಿ ಆ ಸಾಲಿಲ್ಲ.
"ದುಡ್ಡೂ ಕೊಡುತ್ತೇನೆ, ಒಂದು ದಿನವನ್ನೂ ಕೊಡುತ್ತೇನೆ" ಅಂದರು.

ಹಾಗೆ ಸಿಕ್ಕಿದ್ದು ಈ ಬುಧವಾರ.
ಜನವರಿ ಕೊನೆ, ಹಾರಂಗಿಯ ಹಿನ್ನೀರು, ಅಂಗಡಿಗೆ ಬೀಗ.
ದೋಣಿಯಲ್ಲಿ ನಾಲ್ಕೇ ಜನ: ಅವರು, ಅವರ ಬೊಳ್ಳಮ್ಮ, ನಾನು,
ನನ್ನಲ್ಲಿ ಕಾಜ ಹಾಕುವ ಹುಡುಗಿ ಫಸೀಲ.
ಕಾಲಿಡುವ ಮೊದಲೇ ಚಪ್ಪಲಿ ಬಿಟ್ಟಳು,
ಯಾರದೋ ಮನೆಯೊಳಗೆ ಹೋಗುವವಳಂತೆ.

ಹಾಯಿ ಏರಿತು.
ನಾನು ಆಕಾಶ ನೋಡಲಿಲ್ಲ, ಗುಡ್ಡ ನೋಡಲಿಲ್ಲ, ಹೊಲಿಗೆ ನೋಡಿದೆ.
ಮೂರನೇ ಪಟ್ಟಿಯಲ್ಲಿ, ಅವತ್ತು ಕರೆಂಟು ಹೋದ ಜಾಗದಲ್ಲಿ,
ಎರಡು ಗೇಣು ಸೊಟ್ಟ.
ಅಷ್ಟರಲ್ಲಿ ಗಾಳಿ ಬಂದು ಅದನ್ನು ತೊಟ್ಟುಕೊಂಡಿತು.
ಕನ್ನಡಿ ಕೇಳಲಿಲ್ಲ, ಕಂಕುಳು ಹಿಡಿಯುತ್ತೆ ಅನ್ನಲಿಲ್ಲ,
ಹೊರಟೇಬಿಟ್ಟಿತು.

ಮೋಟರಿಲ್ಲ. ಹಲಗೆಯಡಿ ನೀರಿನ ಗೊಣಗು ಮಾತ್ರ.
ಒಣಮರದ ತುದಿಯಲ್ಲಿ ನೀರುಕಾಗೆ ರೆಕ್ಕೆ ಒಣಗಲಿಟ್ಟಿತ್ತು.
ಮಾಡಲು ಏನೂ ಇಲ್ಲದ ನನ್ನ ಬಲಗಾಲು
ತನ್ನಷ್ಟಕ್ಕೆ ಪೆಡಲ್ ತುಳಿಯುತ್ತಲೇ ಇತ್ತು.
ಹನ್ನೊಂದೂವರೆಯ ಹೊತ್ತಿಗೆ
ನಿಂತಿದೆ ಎಂದು ಫಸೀಲ ತೋರಿಸಿದಳು.

ನಡುಗಡ್ಡೆಯ ಪಕ್ಕ ಲಂಗರು ಬಿಟ್ಟು ಬುತ್ತಿ ಬಿಚ್ಚಿದೆವು.
ಬಟ್ಟೆಯಲ್ಲಿ ಸುತ್ತಿದ ಕಡಂಬುಟ್ಟು ಇನ್ನೂ ಬೆಚ್ಚಗೆ,
ಕಾಚಂಪುಳಿ ಬಿದ್ದ ಕೋಳಿ, ಎಳ್ಳಿನ ಪಜ್ಜಿ.
"ಕೋಳಿ ನಿಮ್ಮ ಸಲೀಮನ ಅಂಗಡಿಯದ್ದೇ, ಸುಹರಾ.
ಪಂದಿ ಮನೆಯಲ್ಲಿ ಅಳುತ್ತಾ ಕೂತಿದೆ" ಅಂದರು ಬೊಳ್ಳಮ್ಮ.
ನನ್ನ ಡಬ್ಬಿಯ ಪತ್ತಿರಿಯನ್ನು ಪಳಂಗಪ್ಪ ಏಳು ತಿಂದರು,
ಎಣಿಸಬಾರದಿತ್ತು, ಎಣಿಸಿದೆ.
ಕಿತ್ತಳೆ ಸಿಪ್ಪೆ ನೀರಿಗೆ ಹಾಕಕೂಡದು, ಅದು ನೇವಿಯ ಕಾನೂನು.
ಅವರು ಟೊಪ್ಪಿ ಮುಖಕ್ಕೆಳೆದು ಮಲಗಿದ ಮೇಲೆ
ಫಸೀಲ ಒಂದೇ ಒಂದನ್ನು ತೇಲಿಬಿಟ್ಟಳು.

ಉಳಿದ ತುಂಡು ದರ್ಜಿಯ ಹಕ್ಕು.
ಕೇಳುವಂತಿಲ್ಲ, ಹೇಳುವಂತಿಲ್ಲ.
ಹಾಯಿಯಲ್ಲಿ ಉಳಿದದ್ದನ್ನು ರಾತ್ರಿ ಬಾಗಿಲು ಹಾಕಿಕೊಂಡು
ನನಗೇ ಹೊಲಿದುಕೊಂಡಿದ್ದೆ:
ಮುಂಗೈವರೆಗೆ ತೋಳು, ಹಿಮ್ಮಡಿವರೆಗೆ ನಿಲುವು, ಹನ್ನೊಂದು ಗುಂಡಿ.
ಪರ್ದಾ ಕಳಚಿ ನಿಂತಾಗ ಬೊಳ್ಳಮ್ಮ ಕೂಗಿದರು,
"ರೀ, ಏಳಬೇಡಿ! ನಿಮ್ಮ ಹಾಯಿ ಈಜಲು ಹೋಗುತ್ತಿದೆ!"
ಪಳಂಗಪ್ಪ ಟೊಪ್ಪಿಯಡಿಯಲ್ಲೇ ಸಲ್ಯೂಟ್ ಹೊಡೆದರು.

ಲಾರಿ ಟ್ಯೂಬನ್ನು ತಬ್ಬಿ ಇಳಿದೆ.
ಮೇಲೆ ಬಿಸಿಲಿನ ನೀರು, ಮೊಣಕಾಲಿನ ಕೆಳಗೆ ಮಂಜಿನದು,
ಒಳಗೆ ಲೈನಿಂಗ್ ಕೊಟ್ಟ ಹಾಗೆ.
ಬಟ್ಟೆ ಉಬ್ಬಿತು, ಇಳಿಯಿತು, ಮೈಗಂಟಿತು.
ಮೂವತ್ತೊಂದು ವರ್ಷ ಊರಿನ ಹೆಂಗಸರನ್ನೆಲ್ಲ
ಕೈ ಎತ್ತು, ಉಸಿರು ಬಿಡು, ತಿರುಗು ಎಂದವಳು ನಾನು.
ಇವತ್ತು ನೀರು ಟೇಪಿಲ್ಲದೆ ಬಂದು
ಕುತ್ತಿಗೆಯಿಂದ ಪಾದದವರೆಗೆ ನಿಧಾನ ಅಳೆಯಿತು.
ಕೈ ಎತ್ತಿದೆ.
ಉಸಿರು ಬಿಟ್ಟೆ.
ಟ್ಯೂಬನ್ನು ಯಾವಾಗ ಬಿಟ್ಟೆನೋ,
ಬೊಳ್ಳಮ್ಮನ ಅಂಗೈ ಬೆನ್ನಡಿಯಲ್ಲಿ ಎಷ್ಟು ಹೊತ್ತಿತ್ತೋ,
ಕಿವಿ ಮುಳುಗಿತ್ತು, ನನಗೆ ಲೆಕ್ಕವಿಲ್ಲ.

ಸಂಜೆ ಗಾಳಿ ಸೋತಿತು. ಹಾಯಿ ಜೋತಿತು.
ಅದರ ಪಕ್ಕದ ಹಗ್ಗದಲ್ಲಿ ನನ್ನ ನಿಲುವಂಗಿ ತೊಟ್ಟಿಕ್ಕುತ್ತಿತ್ತು,
ಒಂದೇ ಥಾನಿನ ಅಕ್ಕತಂಗಿಯರು.
ಹುಟ್ಟು ಹಾಕುತ್ತಾ ಪಳಂಗಪ್ಪ ತಲೆಯೆತ್ತಿ
ಮೂರನೇ ಪಟ್ಟಿಯನ್ನು ಬಹಳ ಹೊತ್ತು ನೋಡಿದರು.
"ಅಲ್ಲೊಂದು ಕಡೆ ಸೊಟ್ಟ ಇದೆಯಲ್ಲ?"

ಇದೆ, ಅಂದೆ. ಬಿಚ್ಚಿ ಹೊಲಿಯಬೇಕು.
ಮಳೆಗಾಲಕ್ಕೆ ಮೊದಲು ತನ್ನಿ.
ಕೂಲಿ ಹಳೇ ರೇಟೇ.